ನೀಲಾಬಾಯಿಯ ತಂಗಿ

ಮಗಳ ಬಾಣಂತನ ಮಾಡೋಕೆ ಅಂತ ಅಮೆರಿಕಕ್ಕೆ ಬಂದ ಇಂದು, ಐದನೇ ತಿಂಗಳಿಗೆ ತಾನೇ ಮದುಮಗಳಾದಳು. ನಗಬೇಡಿ. ಅರವತ್ತೆರಡು ವರ್ಷದ ಹೆಂಗಸು, ಅವಳಿಗೇ ಬೇಕಾದಷ್ಟು ನಗು ಬಂದಿತ್ತು. ನಗುವಿನ ಹಿಂದೆಯೇ ನಾಚಿಕೆಯೂ ಬಂತು. ಎರಡರಲ್ಲಿ ಗೆದ್ದದ್ದು ನಾಚಿಕೆ. ಮುಂದಿನ ಪೇಚಾಟವೆಲ್ಲ ಅದರಿಂದಲೇ ಆದದ್ದು.

ಗಂಡು ವಾಸುದೇವರಾಯರು. ಅರವತ್ತೆಂಟು ವರ್ಷ, ಫ್ರೀಮಾಂಟಿನಲ್ಲಿ ಸ್ವಂತ ಮನೆ, ರಿಟೈರಾದ ಎಂಜಿನಿಯರು, ಅಮೆರಿಕದ ಪ್ರಜೆಯಾಗಿ ಇಪ್ಪತ್ತೈದು ವರ್ಷವಾಗಿತ್ತು. ಹೆಂಡತಿ ನೀಲಾಬಾಯಿ ತೀರಿಕೊಂಡು ಆರು ವರ್ಷ. ಇಂದುವಿನ ಗಂಡ ಶೇಷಾದ್ರಿ ಹೋಗಿ ಹನ್ನೊಂದು ವರ್ಷ. ಇಬ್ಬರೂ ಮೈಸೂರಿನವರು, ಆದರೆ ಮೈಸೂರಿನಲ್ಲಿ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅವರು ಭೇಟಿಯಾದದ್ದು ಕ್ಯುಪರ್ಟಿನೋದಲ್ಲಿ, ಇಂದುವಿನ ಮೊಮ್ಮಗಳ ನಾಮಕರಣದ ದಿನ, ಮಗಳು ತನ್ವಿಯ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ.

ಇಂದು ಮೈಸೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವಳು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನ ಮಾತನ್ನೆಲ್ಲ ಊರಾಚೆಗೆ ದಾಟಿಸಿದವಳು. ಅದನ್ನು ಕೇಳಿದ ವಾಸುದೇವರಾಯರು ತಮಾಷೆಗೆ ಅಂತ ತಮ್ಮ ತಂದೆಯ ಅಂಗಡಿಯ ಐದಂಕಿಯ ನಂಬರು ಹೇಳಿದರು. ಇಂದು ಒಂದು ಗಳಿಗೆ ಕಣ್ಣು ಮುಚ್ಚಿದಳು. ಶಿವರಾಂಪೇಟೆ, ಬಟ್ಟೆ ಅಂಗಡಿ, ವಾರಕ್ಕೆ ಎರಡು ಸಲ ದಾವಣಗೆರೆಗೆ ಟ್ರಂಕ್ ಕಾಲು, ಯಾವಾಗಲೂ ಅರ್ಜೆಂಟು ಅಂತ ಗಲಾಟೆ ಮಾಡೋ ಯಜಮಾನರು, ಅಂದಳು. ವಾಸುದೇವರಾಯರು ಕೈಯಲ್ಲಿದ್ದ ಪಾಯಸದ ಬಟ್ಟಲು ಕೆಳಗಿಟ್ಟರು. ಅವರ ತಂದೆ ಸತ್ತು ಮೂವತ್ತು ವರ್ಷವಾಗಿತ್ತು. ಆ ದನಿ ಇನ್ನೊಬ್ಬರ ಕಿವಿಯಲ್ಲಿ ಹಾಗೇ ಉಳಿದಿತ್ತು.

ಅಲ್ಲಿಂದ ಶುರುವಾಯಿತು. ಮೊದಲು ಫೋನಿನಲ್ಲಿ, ಆಮೇಲೆ ಮಗುವಿನ ಸ್ಟ್ರೋಲರು ತಳ್ಳಿಕೊಂಡು ಪಾರ್ಕಿನಲ್ಲಿ, ಇಬ್ಬರೂ ಬಾಯಲ್ಲೇ ಮೈಸೂರು ಸುತ್ತೋರು. ಅಗ್ರಹಾರದಿಂದ ಹೊರಟು ದೊಡ್ಡ ಗಡಿಯಾರದವರೆಗೆ, ಒಂದೊಂದೇ ಅಂಗಡಿ. ಊದುಬತ್ತಿ ಅಂಗಡಿ ಆದಮೇಲೆ ಕೊಡೆ ರಿಪೇರಿಯವನೋ, ಮಸಿ ಮಾರೋವನೋ ಅಂತ ಒಂದಿಡೀ ಸಂಜೆ ಜಗಳ. ಆ ಮೈಸೂರು ಈಗ ಮೈಸೂರಿನಲ್ಲೂ ಇಲ್ಲ. ಇದ್ದಿದ್ದು ಇವರಿಬ್ಬರ ನಡುವೆ ಮಾತ್ರ. ಹೀಗೆ ಸುತ್ತುವಾಗ ನೀಲಾಬಾಯಿಯೂ ಜೊತೆಗೆ ಬರೋಳು, ಹೂವಿನ ಸಾಲಿನಲ್ಲಿ ಮಾರು ಮಲ್ಲಿಗೆಗೆ ಅರ್ಧ ಗಂಟೆ ಚೌಕಾಸಿ ಮಾಡೋಳು. ಶೇಷಾದ್ರಿ ಸೈಕಲ್ಲು ತಳ್ಳಿಕೊಂಡು ಹಿಂದೆ ಬರೋನು. ಸತ್ತವರ ಮಾತು ಇಷ್ಟು ಸಲೀಸಾಗಿ ಆಡಬಹುದು ಅಂತ ಇಬ್ಬರಿಗೂ ಗೊತ್ತೇ ಇರಲಿಲ್ಲ.

ತನ್ವಿಯೇ ತಾಯಿಗೆ ಹೇಳಿ ಒಪ್ಪಿಸಿದಳು. ವಾಸುದೇವರಾಯರ ಮಗ ಟೆಕ್ಸಾಸಿನಿಂದ ಫೋನಿನಲ್ಲೇ ಸರಿ ಅಂದ. ಕೌಂಟಿ ಆಫೀಸಿನಲ್ಲಿ ಹತ್ತು ನಿಮಿಷದ ಮದುವೆ. ಇಂದು ಒಂದೇ ಷರತ್ತು ಹಾಕಿದಳು, ಈ ವಿಷಯ ನಾಲ್ಕು ಜನರ ಬಾಯಿಗೆ ಬೀಳಬಾರದು. ಮೈಸೂರಿನಲ್ಲಿ ಅವಳ ಅಣ್ಣ ವ್ಯಾಸರಾಜ ಇದ್ದ, ಶೇಷಾದ್ರಿಯ ಕಡೆಯವರಿದ್ದರು. ಬಾಣಂತನಕ್ಕೆ ಹೋದೋಳು ಗಂಡನ್ನ ಹುಡುಕ್ಕೊಂಡ್ಳಂತೆ ಅಂತ ವರ್ಷಗಟ್ಟಲೆ ಮೆಲುಕು ಹಾಕೋ ಪೈಕಿ. ವಾಸುದೇವರಾಯರು ನಿಮ್ಮಿಷ್ಟ ಅಂದುಬಿಟ್ಟರು.

ಮದುವೆಯಾದ ವಾರದಲ್ಲೇ ವಾಲ್ನಟ್ ಕ್ರೀಕಿನಲ್ಲಿ ವಕೀಲೆಯನ್ನು ಕಂಡರು. ನಿಶ್ಮಿತಾ ಅಂತ, ಮಂಗಳೂರಿನವರ ಮಗಳು, ಹುಟ್ಟಿದ್ದು ಇಲ್ಲೇ. ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ದಾರಿ ಎರಡಿದೆ ಅಂದಳು. ಒಂದು, ಇಲ್ಲೇ ಇದ್ದು ಗ್ರೀನ್ ಕಾರ್ಡಿಗೆ ಅರ್ಜಿ ಹಾಕೋದು. ಪ್ರಜೆಯ ಹೆಂಡತಿಗೆ ವರ್ಷಗಟ್ಟಲೆ ಸರದಿ ಕಾಯೋ ಗೋಳಿಲ್ಲ. ಆದರೆ ತೀರ್ಮಾನ ಆಗೋವರೆಗೆ ಅಪ್ಪಣೆ ಇಲ್ಲದೆ ದೇಶ ಬಿಡುವಂತಿಲ್ಲ. ಇನ್ನೊಂದು, ಊರಿಗೆ ವಾಪಸ್ ಹೋಗಿ ಅಲ್ಲಿಂದ ವೀಸಾ ತೊಗೊಂಡು ಬರೋದು. ಅದಕ್ಕೆ ವರ್ಷ, ಒಂದೂವರೆ ವರ್ಷ. ಎದೆಯಲ್ಲಿ ಎರಡು ಸ್ಟೆಂಟು ಹಾಕಿಸಿಕೊಂಡ ಗಂಡನ ಕಡೆ ಇಂದು ನೋಡಿದಳು. ಈ ವಯಸ್ಸಿನಲ್ಲಿ ಒಂದೂವರೆ ವರ್ಷ ಅಂದರೆ ಹುಡುಗಾಟವಾ? ಇಲ್ಲೇ ಹಾಕೋಣ ಅಂದಳು.

ಹಾಗಾದರೆ ಮೊದಲು ಒಂದು ಮಾತು, ಬರುವಾಗಲೇ ಮದುವೆಯ ಉದ್ದೇಶ ಇತ್ತಾ ಅಂತ ನಿಶ್ಮಿತಾ ಕೇಳಿದಳು. ಹಾಗಿದ್ದರೆ ತೊಂದರೆ. ಇಂದುವಿಗೆ ಎಲ್ಲಿಲ್ಲದ ಸಿಟ್ಟು ಬಂತು. ಎರಡು ಸೂಟ್‌ಕೇಸಿನ ತುಂಬ ಬಾಣಂತಿ ಲೇಹ್ಯ, ಒಣಶುಂಠಿ, ಸಾಂಬ್ರಾಣಿ, ಹಳೇ ಪಂಚೆಯಲ್ಲಿ ಹೊಲಿದ ಬಟ್ಟೆ ತಂದವಳಮ್ಮ ನಾನು, ಒಂದು ರೇಷ್ಮೆ ಸೀರೆ ಕೂಡ ತಂದಿಲ್ಲ, ಅಂದಳು. ನಿಶ್ಮಿತಾ ಅದನ್ನು ಹಾಗೇ ಬರೆದುಕೊಂಡಳು. ವಿಸಿಟರ್ ವೀಸಾದ ಆರು ತಿಂಗಳ ಗಡುವು ಮುಗಿಯುವ ಮೊದಲೇ ಅರ್ಜಿ ಹೋಯಿತು.

ಈಗ ಕೇಳಿ ಇವಳ ಘನಕಾರ್ಯ. ಫ್ರೀಮಾಂಟಿನ ಮನೆಗೆ ಬಂದ ಹದಿನೈದು ದಿನಕ್ಕೆ, ಇಂಡಿಯನ್ ಗ್ರೋಸರಿಯಲ್ಲಿ ಬಂಗಾರೆವ್ವ ಸಿಕ್ಕಿದಳು. ಬಾಗಲಕೋಟೆ ಕಡೆಯವಳು, ಮಗಳ ಮನೆಯಲ್ಲಿದ್ದವಳು. ಇಳಕಲ್ ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿಕೊಂಡು ಊರೆಲ್ಲ ಓಡಾಡೋಳು. ಕನ್ನಡ ಕಿವಿಗೆ ಬಿದ್ದಿದ್ದೇ ಗಾಡಿ ತಳ್ಳಿಕೊಂಡು ಬಂದು, ಇವರು ಯಾರು ಅಂತ ವಾಸುದೇವರಾಯರ ಕಡೆ ಕೈ ತೋರಿಸಿದಳು. ನಮ್ಮ ಭಾವನವರು, ಅಂತ ಇಂದು ಅಂದುಬಿಟ್ಟಳು. ಅಷ್ಟಕ್ಕೆ ನಿಲ್ಲಿಸಬಾರದಿತ್ತೇ? ಅಕ್ಕ ಕ್ಯಾನ್ಸರಿನಲ್ಲಿ ತೀರಿಕೊಂಡಳು, ಭಾವ ಒಬ್ಬರೇ ಇದ್ದಾರೆ, ಮನೆ ನೋಡ್ಕೊಳ್ಳೋಕೆ ಅಂತ ಇದ್ದೀನಿ, ಅಂತ ಪೂರ್ತಿ ಸಂಸಾರವನ್ನೇ ಕಟ್ಟಿ ನಿಲ್ಲಿಸಿದಳು. ವಾಸುದೇವರಾಯರು ಬೆಂಡೆಕಾಯಿಯ ತುದಿ ಮುರಿಯುತ್ತ ನಿಂತಿದ್ದವರು ತಲೆ ಎತ್ತಲೂ ಇಲ್ಲ.

ಬಂಗಾರೆವ್ವ ಗಾಡಿ ಬಿಟ್ಟು ಇಂದುವಿನ ಎರಡೂ ಕೈ ಹಿಡಿದುಕೊಂಡಳು. ಅವಳ ಅಕ್ಕನೂ ಹೋಗಿದ್ದಳಂತೆ, ಅದೇ ರೋಗದಲ್ಲಿ. ಆವತ್ತಿನಿಂದ ಗೆಳೆತನ. ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬರೋಳು. ಗೋಡೆಯ ಮೇಲಿದ್ದ ನೀಲಾಬಾಯಿಯ ಫೋಟೋದ ಮುಂದೆ ನಿಂತು ಕೈ ಮುಗಿದು, ನಿಮ್ಮಕ್ಕ ಹೆಂಗಿದ್ರು ಅಂತ ಕೇಳೋಳು. ಇಂದು ಹೇಳೋಳು. ಮಲ್ಲಿಗೆಯ ಚೌಕಾಸಿ, ಸಾರಿಗೆ ಚಿಟಿಕೆ ಬೆಲ್ಲ, ಮಳೆ ಬಂದರೆ ಸಾಕು ಕೊಡೆ ಮರೆತು ಬರುವ ಚಾಳಿ. ಗಂಡ ಹೇಳಿದ್ದನ್ನೆಲ್ಲ ತಾನೇ ಕಂಡವಳಂತೆ ಹೇಳೋಳು. ಹೇಳ್ತಾ ಹೇಳ್ತಾ ಅವಳಿಗೇ ನಿಜವಾಗಿ ಅಕ್ಕ ಒಬ್ಬಳಿದ್ದಳೇನೋ ಅನ್ನಿಸಿ ಕಣ್ಣು ತುಂಬಿಬಿಡೋದು. ಬಂಗಾರೆವ್ವ ಜೊತೆಗೆ ಅಳೋಳು. ಊರಿನ ಕನ್ನಡದವರಿಗೆಲ್ಲ ವಾಸುದೇವರಾಯರು ಇಂದಮ್ಮನ ಭಾವ ಅಂತಲೇ ಆಗಿಹೋದರು.

ಒಂಬತ್ತು ತಿಂಗಳಿಗೆ ಇಂಟರ್‌ವ್ಯೂ ಪತ್ರ ಬಂತು. ನಿಶ್ಮಿತಾ ಫೈಲು ಬಿಚ್ಚಿ ತಲೆ ಮೇಲೆ ಕೈ ಇಟ್ಟುಕೊಂಡಳು. ಇದು ಕಾಗದಕ್ಕೋಸ್ಕರ ಆದ ಮದುವೆ ಅಲ್ಲ, ನಿಜವಾದ ಸಂಸಾರ ಅಂತ ತೋರಿಸಬೇಕು. ಇದ್ದಿದ್ದು ಒಂದೇ ಮದುವೆ ಫೋಟೋ. ಅದರಲ್ಲಿ ಸೀರೆ ಮೇಲೆ ಸ್ವೆಟರ್ ಹಾಕಿಕೊಂಡ ಇಂದು ಗಂಡನಿಂದ ಒಂದು ಗಜ ದೂರ ನಿಂತು ಬಾಗಿಲ ಕಡೆ ನೋಡುತ್ತಿದ್ದಳು. ಮನೆಯವರಲ್ಲದ ಯಾರಾದರೂ ಒಬ್ಬರು, ಇವರು ಗಂಡ ಹೆಂಡತಿ ಅಂತ ಪತ್ರ ಬರೆದುಕೊಡಲಿ ಅಂತ ನಿಶ್ಮಿತಾ ಕೇಳಿದಳು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅರ್ಜಿ ತಿರಸ್ಕಾರವಾದರೆ ಇಂದು ದೇಶ ಬಿಡಬೇಕು, ಮತ್ತೆ ಬರೋದು ಬಹಳ ಕಷ್ಟ ಅಂತಲೂ ಹೇಳಿದಳು. ವಾಪಸ್ ಬರುವಾಗ ರೈಲಿನಲ್ಲಿ ವಾಸುದೇವರಾಯರು ಮೈಸೂರಿನ ಯಾವ ಬೀದಿಯ ಮಾತನ್ನೂ ತೆಗೆಯಲಿಲ್ಲ.

ಇಂದು ಬಂಗಾರೆವ್ವನ ಮನೆಗೆ ಒಬ್ಬಳೇ ಹೋದಳು. ನಿಜವನ್ನೆಲ್ಲ ಹೇಳಿ, ಪತ್ರದ ಮಾತೂ ತೆಗೆದಳು. ಈ ವಯಸ್ಸಿಗೆ ಮದುವೆಯಾ ಅಂತ ಬಂಗಾರೆವ್ವ ಮೂಗು ಮುರೀತಾಳೆ ಅಂದುಕೊಂಡಿದ್ದಳು. ಅದರ ಗೊಡವೆಗೇ ಅವಳು ಹೋಗಲಿಲ್ಲ.

"ನಿಮ್ಮಕ್ಕನ ಸಲುವಾಗಿ ನಾ ಅತ್ತೀನವ್ವ," ಅಂದಳು. "ಖರೇನ ಅತ್ತೀನಿ. ನಮ್ಮಕ್ಕನ ಸುದ್ದಿ ಯಾರ ಮುಂದೂ ಹೇಳಿದ್ದಿಲ್ಲ, ನಿನ್ನ ಮುಂದ ಹೇಳೀನಿ. ನೀ ಕುಂತು ಕಥಿ ಕಟ್ಟಿ ಹೇಳಿದ್ಯಲ್ಲ."

ಇಂದುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊರಿನವರ ನಾಲಿಗೆಗೆ ಹೆದರಿ, ಹೆದರಬೇಕಾಗೇ ಇಲ್ಲದವಳ ಎದೆಗೆ ಒದ್ದಿದ್ದೀನಲ್ಲ ಅಂತ ಅಲ್ಲೇ ಅತ್ತಳು. ಬಂಗಾರೆವ್ವ ಸಮಾಧಾನ ಮಾಡಲಿಲ್ಲ. ಕಾಫಿಯನ್ನೂ ಕೊಡಲಿಲ್ಲ.

ನಾಲ್ಕನೇ ದಿನ ಬಂಗಾರೆವ್ವನ ಮಗಳು ಒಂದು ಕವರು ತಂದು ಕೊಟ್ಟಳು. ತಾಯಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದ್ದಳು. ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರದ ಸಹಿ. ಈಕೆ ನನಗೆ ಒಂಬತ್ತು ತಿಂಗಳು ಸುಳ್ಳು ಹೇಳಿದ್ದಾಳೆ, ಅಂತಲೇ ಪತ್ರ ಶುರು. ಗಂಡನನ್ನು ಭಾವ ಅಂದಳು, ಅವನ ಸತ್ತ ಹೆಂಡತಿಯನ್ನು ಅಕ್ಕ ಅಂದಳು. ಆದರೆ ನಾನು ನಲವತ್ತು ವರ್ಷ ಸಂಸಾರ ಮಾಡಿದವಳು, ನನಗೆ ಮೊದಲೇ ತಿಳಿಯಬೇಕಿತ್ತು. ಅವರು ಆರಿಸಿದ ಬೆಂಡೆಕಾಯಲ್ಲಿ ಅರ್ಧ ಈಕೆ ವಾಪಸ್ ಹಾಕುತ್ತಾಳೆ, ಅವರು ಸುಮ್ಮನಿರುತ್ತಾರೆ. ಭಾವನ ಹತ್ತಿರ ಯಾರೂ ಹಾಗೆ ಮಾಡುವುದಿಲ್ಲ. ಇವರು ಗಂಡ ಹೆಂಡತಿ. ಈಕೆಯ ಮೇಲೆ ನನಗಿನ್ನೂ ಸಿಟ್ಟಿದೆ.

ನಿಶ್ಮಿತಾ ಪತ್ರ ಓದಿ ಗಾಬರಿಯಾದಳು. ಸುಳ್ಳಿನ ಸಾಲುಗಳನ್ನು ತೆಗೆಸಿ ಬೇರೆ ಬರೆಸೋಣ, ಇದನ್ನು ಕೊಟ್ಟರೆ ಅಧಿಕಾರಿ ಅಲ್ಲೇ ಹಿಡಿದುಕೊಳ್ಳುತ್ತಾರೆ ಅಂದಳು. ಇಂದು ಒಪ್ಪಲಿಲ್ಲ. ನನ್ನಿಂದ ಅವಳು ಸಾಕಷ್ಟು ಸುಳ್ಳು ಕೇಳಿದ್ದಾಳೆ, ಈಗ ಅವಳ ಕೈಲೂ ಅರ್ಧ ಮುಚ್ಚಿಸಿ ಬರೆಸೋದು ಬೇಡ, ಆಗೋದಾಗಲಿ, ಅಂದಳು. ಧೈರ್ಯವಾಗಿ ಅಂದಳೇ ಹೊರತು ಆ ವಾರ ಎರಡು ಸಲ ಸೂಟ್‌ಕೇಸು ಕೆಳಗಿಳಿಸಿ ಮತ್ತೆ ಮೇಲಿಟ್ಟಳು.

ಇಂಟರ್‌ವ್ಯೂ ದಿನ ಬೆಳಗ್ಗೆ ನಿಶ್ಮಿತಾಳೂ ಸೇರಿ ಮೂವರೂ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಅಧಿಕಾರಿ ನಡುವಯಸ್ಸಿನ ಹೆಂಗಸು, ಸಣ್ಣ ದನಿ. ಪ್ರಮಾಣ ಮಾಡಿಸಿದರು. ಮನೆ, ಮಕ್ಕಳು, ಬೆಳಗ್ಗೆ ಮೊದಲು ಏಳೋರು ಯಾರು ಅಂತೆಲ್ಲ ಕೇಳಿದರು. ಆಮೇಲೆ ಬಂಗಾರೆವ್ವನ ಪತ್ರ ತೆಗೆದು ಎರಡು ಸಲ ಓದಿದರು. ನಿಜವಾದ ಮದುವೆ ಆಗಿದ್ದರೆ ಮುಚ್ಚಿಟ್ಟಿದ್ದು ಯಾಕೆ ಅಂತ ನೇರವಾಗಿ ಇಂದುವನ್ನು ಕೇಳಿದರು.

ಇಂದು ಎಕ್ಸ್‌ಚೇಂಜಿನ ಇಂಗ್ಲಿಷಿನಲ್ಲಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಗಂಡ ಸತ್ತವಳು ಅಜ್ಜಿಯಾದರೆ ನಮ್ಮವರಿಗೆ ಸಂತೋಷ, ಮತ್ತೆ ಹೆಂಡತಿಯಾದರೆ ನಗು. ಹನ್ನೊಂದು ವರ್ಷ ದುಃಖವನ್ನು ಎಲ್ಲರ ಎದುರಿಗೇ ಇಟ್ಟುಕೊಂಡಿದ್ದೆ, ಅದಕ್ಕೆ ನಾಚಿಕೆ ಆಗಲಿಲ್ಲ. ಸುಖ ಬಂದಾಗ ನಾಚಿಕೆ ಆಯಿತು, ಬಚ್ಚಿಟ್ಟೆ. ಅದು ನನ್ನ ತಪ್ಪು. ಇವರದೇನೂ ಇಲ್ಲ.

ಅಧಿಕಾರಿ ವಾಸುದೇವರಾಯರ ಕಡೆ ತಿರುಗಿದರು. ನಿಮ್ಮ ಹೆಂಡತಿ ಊರಿಗೆಲ್ಲ ನಿಮ್ಮನ್ನು ಅಕ್ಕನ ಗಂಡ ಅಂತ ಹೇಳುತ್ತಿದ್ದರು, ನೀವು ಪಕ್ಕದಲ್ಲೇ ಇದ್ದಿರಿ, ಬೇಜಾರಾಗಲಿಲ್ಲವೇ ಅಂತ ಕೇಳಿದರು.

ಇಂದು ತಲೆ ತಗ್ಗಿಸಿದಳು. ಈ ಪ್ರಶ್ನೆಯನ್ನು ಅವಳು ಒಂದು ದಿನವೂ ಗಂಡನಿಗೆ ಕೇಳಿರಲಿಲ್ಲ. ಒಳ್ಳೇ ಮನುಷ್ಯ, ಸಹಿಸಿಕೊಂಡಿದ್ದಾರೆ ಅಂದುಕೊಂಡು ಇದ್ದುಬಿಟ್ಟಿದ್ದಳು.

ವಾಸುದೇವರಾಯರು ಕನ್ನಡಕ ತೆಗೆದರು. "ನಮ್ಮಲ್ಲಿ ಮನುಷ್ಯರನ್ನ ಹೆಸರು ಹಿಡಿದು ಕರೆಯೋದು ಕಡಿಮೆ," ಅಂದರು. "ಅಣ್ಣ, ಮಾವ, ಚಿಕ್ಕಪ್ಪ, ಏನಾದರೊಂದು ಆಗಿರ್ತೀವಿ. ನೀಲಾ ಹೋದಮೇಲೆ ಆರು ವರ್ಷ ಆ ಮನೇಲಿ ನಾನು ಯಾರಿಗೂ ಏನೂ ಆಗಿರಲಿಲ್ಲ. ಅಂಗಡೀಲಿ ಈಕೆ ನಮ್ಮ ಭಾವ ಅಂದಾಗ, ಸದ್ಯ, ಯಾರಿಗೋ ಏನೋ ಆದೆನಲ್ಲ ಅನ್ನಿಸ್ತು. ಅಷ್ಟೇ ಸಾಕು ಅಂದುಕೊಂಡೆ."

ಇಂದು ತಲೆ ಎತ್ತಿ ಗಂಡನನ್ನು ನೋಡಿದಳು. ಸಾಕು ಅಂದುಕೊಂಡರಂತೆ! ಮದುವೆಯಾಗಿ ಹತ್ತು ತಿಂಗಳು ಈ ಮನುಷ್ಯನನ್ನು ಅಷ್ಟರಲ್ಲೇ ಇರಿಸಿದ್ದೆನಲ್ಲ ಅಂತ ತನ್ನ ಮೇಲೆ ತನಗೇ ಕೋಪ ಬಂತು. ಮನೆಯಲ್ಲಿ ರೀ ಅಂದಿದ್ದಳು, ಹೊರಗೆ ಭಾವ ಅಂದಿದ್ದಳು. ಆ ಒಂದು ಮಾತನ್ನು ಮಾತ್ರ ಅವರ ಕಿವಿಗೆ ಬೀಳುವಂತೆ ಒಂದು ಸಲವೂ ಆಡಿರಲಿಲ್ಲ.

"ಇವರು ನನ್ನ ಗಂಡ," ಅಂದಳು. ಇಂಗ್ಲಿಷು ಮರೆತು ಕನ್ನಡದಲ್ಲೇ ಅಂದಳು, ಜೋರಾಗಿಯೇ.

ಏನು ಹೇಳಿದರು ಅಂತ ಅಧಿಕಾರಿ ವಾಸುದೇವರಾಯರನ್ನು ಕೇಳಿದರು. ಅವರು ಕರವಸ್ತ್ರ ಹುಡುಕತೊಡಗಿದರು. ನಿಶ್ಮಿತಾ ಅನುವಾದ ಮಾಡಲು ಮುಂದಾದಳು, ಇಂದು ಬೇಡ ಅಂತ ಕೈ ಅಡ್ಡ ಹಿಡಿದಳು. ಅದೇ ಮಾತನ್ನು ಇಂಗ್ಲಿಷಿನಲ್ಲಿ ತಾನೇ ಹೇಳಿದಳು, ಅಧಿಕಾರಿಯ ಮುಖ ನೋಡಿಕೊಂಡಲ್ಲ, ಗಂಡನ ಮುಖ ನೋಡಿಕೊಂಡು. ಅರ್ಜಿ ಒಪ್ಪಿದ್ದೇನೆ ಅಂತ ಅಧಿಕಾರಿ ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಆಕೆ ಇನ್ನೊಂದು ಸಲ ಹೇಳಬೇಕಾಯಿತು.