ಬರಬೇಡವಂತೆ

"ಎಡಕ್ಕೆ ವಾಲಿಸ್ರಪ್ಪಾ, ಚೌಕಟ್ಟಿಗೆ ತಾಗ್ತಿದೆ," ಎಂದು ಟುಮ್ಮಾಸ್ ಒಳಗಿನಿಂದ ಕೂಗಿದ.

ಶವಪೆಟ್ಟಿಗೆ ಅರ್ಧ ಒಳಗೆ, ಅರ್ಧ ಹೊರಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಹೊರುವುದಕ್ಕೆ ಆರು ಜನ ಬೇಕು, ಇದ್ದದ್ದು ಐವರು. ಆರನೆಯವನು ಬರಬೇಕಿದ್ದ ದೋಣಿ ಗಾಳಿಗೆ ಹೆದರಿ ಆಚೆ ದ್ವೀಪದಲ್ಲೇ ನಿಂತುಬಿಟ್ಟಿತ್ತು.

"ಸತ್ತ ಮೇಲೂ ಬಾಗಿಲಲ್ಲಿ ನಿಂತು ಭಾಷಣ ಮಾಡೋ ಹಾಗಿದಾನೆ ನಿಮ್ಮಪ್ಪ," ಎಂದು ಟುಮ್ಮಾಸ್ ಸತ್ತವನ ಮಗಳತ್ತ ನೋಡಿ ಏದುಸಿರು ಬಿಟ್ಟ. ಅವನು ಪಕ್ಕದ ಮನೆಯವನು, ಇಂಥ ಮಾತಾಡುವ ಸಲಿಗೆ ಇದ್ದವನು. ಯಾರೂ ನಗಲಿಲ್ಲ.

ಹಾನುಸ್ ಅಂಗಳದ ಕಲ್ಲುಗೋಡೆಗೆ ಒರಗಿ ನಿಂತಿದ್ದ. ಪೆಟ್ಟಿಗೆಯೊಳಗೆ ಮಲಗಿದ್ದವನು ಅವನ ಅಣ್ಣ ಸಾಕಾರಿಸ್. ನಡುವೆ ನೂರು ಹೆಜ್ಜೆ ಇಲ್ಲದ ಮನೆಗಳಲ್ಲಿದ್ದು, ಒಂದೇ ಅಂಗಡಿಯಲ್ಲಿ ಹಿಟ್ಟು ಕೊಂಡು, ಒಂದೇ ಚರ್ಚಿನಲ್ಲಿ ಕೂತೆದ್ದು, ಅಣ್ಣತಮ್ಮಂದಿರು ಇಪ್ಪತ್ತಾರು ವರ್ಷ ಮಾತಾಡಿರಲಿಲ್ಲ.

ಸಾಕಾರಿಸನ ಮಗಳು ಮಾರ್ಜುನ್ ಪೆಟ್ಟಿಗೆಯ ಪಕ್ಕದಿಂದ ನುಸುಳಿ ಹೊರಗೆ ಬಂದಳು. ನಲವತ್ತರ ಹೆಂಗಸು. ಕಣ್ಣು ಒಣಗಿದ್ದವು.

"ಚಿಕ್ಕಪ್ಪ, ಬಾ. ಆ ಮೂಲೆ ಹಿಡ್ಕೋ."

"ನಾನಾ?"

"ಇನ್ಯಾರಿದಾರೆ? ನನಗಂತೂ ಅಪ್ಪ ಅನ್ನೋ ಹಾಗಿದ್ದೋನು ನೀನೇ. ನೀನು ಹಿಡಿದ್ರೆ ಯಾರೇನಂತಾರೆ."

ಆ ಮಾತು ಹಾನುಸನ ಎದೆಗೆ ಮುಳ್ಳಿನ ಹಾಗೆ ನೆಟ್ಟಿತು. ಆದರೂ ಹೋದ, ಹಗ್ಗದ ಹಿಡಿಕೆಗೆ ಕೈ ಹಾಕಿದ. ಎಪ್ಪತ್ತಮೂರರ ಕೈಯಾದರೂ ಬಲೆ ಎಳೆದ ಕೈ. ಪೆಟ್ಟಿಗೆ ಬಾಗಿಲು ಬಿಟ್ಟು ಹೊರಬಂತು. ಮೇಲೆ ಹೊದಿಸಿದ್ದ ದ್ವೀಪದ ಬಾವುಟ, ಬಿಳಿಯ ಮೇಲೆ ಕೆಂಪು ನೀಲಿ ಶಿಲುಬೆ, ಗಾಳಿಗೆ ಎದ್ದು ಅವನ ಮುಖಕ್ಕೆ ಬಡಿಯಿತು. ಅದನ್ನು ಸರಿಸಲು ಅವನ ಇನ್ನೊಂದು ಕೈಗೂ ಬಿಡುವಿರಲಿಲ್ಲ.

*

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಊರಿನಲ್ಲಿ ವಾರದ ದಿನ ಪಾದ್ರಿ ಕರಿ ನಿಲುವಂಗಿ ತೊಟ್ಟು ಬೀದಿಗೆ ಇಳಿದನೆಂದರೆ ಹೆಂಗಸರು ಕೆಲಸ ಬಿಟ್ಟು ಕಿಟಕಿಗೆ ಬರುತ್ತಿದ್ದರು. ಯಾರ ಮನೆಗೆ ತಿರುಗುತ್ತಾನೋ ಆ ಮನೆಯ ಗಂಡಸು ಕಡಲ ಪಾಲು. ಒಂದು ದಿನ ಪಾದ್ರಿ ಎರಡು ಮನೆ ದಾಟಿದ. ಮೂರನೆಯದಕ್ಕೆ, ಸಾಕಾರಿಸ್ ಹಾನುಸರ ಮನೆಗೆ, ತಿರುಗಿದ. ಅಪ್ಪ ಸ್ಕಾಟ್ಲೆಂಡಿಗೆ ಮೀನು ಸಾಗಿಸುತ್ತಿದ್ದ ದೋಣಿ ಕಡಲಲ್ಲಿ ಹುದುಗಿಸಿದ್ದ ಸಿಡಿಗುಂಡಿಗೆ ಸಿಕ್ಕು ಚೂರಾಗಿತ್ತು. ದ್ವೀಪಗಳನ್ನು ಆಳುತ್ತಿದ್ದ ಡೆನ್ಮಾರ್ಕಿನ ಬಾವುಟ ಇಳಿಸಿ ದ್ವೀಪದ ಸ್ವಂತ ಬಾವುಟ ಹಾರಿಸಿಕೊಂಡು ಹೋದ ಮೊದಲ ದೋಣಿಗಳಲ್ಲಿ ಅದೂ ಒಂದು. ಸಾಕಾರಿಸನಿಗೆ ಆಗ ಆರು ವರ್ಷ, ಹಾನುಸನಿಗೆ ಮೂರು.

ಅಂದಿನಿಂದ ಸಾಕಾರಿಸನ ಪಾಲಿಗೆ ಆ ಬಾವುಟವೇ ಅಪ್ಪನಾಯಿತು. ಹಾನುಸನ ಪಾಲಿಗೆ ಅದು ಅಪ್ಪನನ್ನು ಕೊಂಡೊಯ್ದ ಬಟ್ಟೆ.

ಅವ್ವ ಬಂಡೆಗಳ ಮೇಲೆ ಉಪ್ಪುಮೀನು ಹರವಿ, ಬೆರಳು ಸೆಟೆದುಕೊಂಡು, ಇಬ್ಬರನ್ನೂ ಸಾಕಿದಳು. ಸಾಕಾರಿಸನಿಗೆ ಕಡಲು ಹಿಡಿಸುತ್ತಿರಲಿಲ್ಲ. ದೋಣಿ ಹತ್ತಿದರೆ ವಾಂತಿ. ಹಾಗಾಗಿ ಹದಿನಾಲ್ಕಕ್ಕೇ ಹಾನುಸ್ ಗ್ರೀನ್‌ಲ್ಯಾಂಡಿನ ಕಡೆಗೆ ಮೀನಿಗೆ ಹೋದ. ಅವನ ದುಡಿಮೆಯಲ್ಲಿ ಅಣ್ಣ ಮೇಷ್ಟ್ರ ಓದು ಓದಿದ. ಮೇಷ್ಟ್ರಾದವನು ಸ್ವಾತಂತ್ರ್ಯದ ಪಕ್ಷ ಸೇರಿದ, ರಾಜಧಾನಿ ತೋರ್ಸಾವ್ನಿನ ಶಾಸನಸಭೆಗೆ ಗೆದ್ದು ಇಪ್ಪತ್ತನಾಲ್ಕು ವರ್ಷ ಕೂತ, ಹನ್ನೊಂದು ತಿಂಗಳು ಮೀನುಗಾರಿಕೆ ಮಂತ್ರಿಯೂ ಆದ. ವಾಂತಿ ಮಾಡುವವನು ಮೀನಿನ ಮಂತ್ರಿ ಎಂದು ಊರು ನಕ್ಕಿತು.

ಹಾನುಸ್ ಮಾತ್ರ ಪ್ರತಿ ಚುನಾವಣೆಯಲ್ಲೂ ಡೆನ್ಮಾರ್ಕಿನ ಜೊತೆಗಿರೋಣ ಎನ್ನುವವರಿಗೇ ಓಟು ಹಾಕಿದ. ಕ್ರಿಸ್‌ಮಸ್ ಊಟಕ್ಕೆ ಕೂತಾಗ, "ನಾಳೆ ಅವರು ಕೈ ಬಿಟ್ರೆ ನಿನ್ನ ಭಾಷಣಕ್ಕೆ ಉಪ್ಪು ಹಾಕಿ ಒಣಗಿಸೋಣವಾ ಅಣ್ಣ?" ಎನ್ನುತ್ತಿದ್ದ. "ಬೇಡ ಬಿಡು, ನಿನ್ನ ತಲೆ ಆಗಲೇ ಒಣಗಿದೆ, ಅದನ್ನೇ ತಿನ್ನೋಣ," ಎನ್ನುತ್ತಿದ್ದ ಅಣ್ಣ. ಅತ್ತಿಗೆ ಸನ್ನಾ ಇಬ್ಬರ ತಟ್ಟೆಗೂ ಕುರಿಮಾಂಸ ಬಡಿಸಿ ಬಾಯಿ ಮುಚ್ಚಿಸುತ್ತಿದ್ದಳು. ಜಗಳ ಊಟದಲ್ಲೇ ಮುಗಿಯುತ್ತಿತ್ತು.

*

ಮಣ್ಣು ಕೊಟ್ಟು ಎಲ್ಲರೂ ಊರಿನ ಸಭಾಮನೆಗೆ ಬಂದರು. ಕಾಫಿ, ಕೇಕು, ಗಾಳಿಗೆ ಒಣಗಿಸಿದ ಮಾಂಸದ ತೆಳ್ಳನೆ ತುಂಡುಗಳು. ತೋರ್ಸಾವ್ನಿನಿಂದ ಬಸ್ಸಿನಲ್ಲಿ ಬಂದಿದ್ದ ಪಕ್ಷದವರು ಮುಂದಿನ ಸಾಲುಗಳಲ್ಲಿ ಕೂತಿದ್ದರು. ಹಾನುಸ್ ಕಿಟಕಿಯ ಪಕ್ಕ ಕೂತ. ಅಲ್ಲಿಂದ ಚರ್ಚಿನ ಅಂಗಳ, ಸಮಾಧಿಯ ಹೊಸ ಗುಡ್ಡೆ, ಅದರ ಮೇಲಿನ ಹೂಚಕ್ರಗಳು ಕಾಣುತ್ತಿದ್ದವು. ಮಾರ್ಜುನ್ ಬಂದು ಅವನ ಪಕ್ಕದಲ್ಲೇ ಕೂತಳು.

ಪಕ್ಷದ ಅಧ್ಯಕ್ಷ ಎದ್ದು ನಿಂತ.

"ಸಾಕಾರಿಸ್ ಅವರು ಏನು ಕೊಡಲಿಲ್ಲ ಈ ನಾಡಿಗೆ? ಕಡಲ ತಳದ ಸಂಪತ್ತು ನಮ್ಮದು ಅನ್ನೋ ಮಸೂದೆ ಮತಕ್ಕೆ ಬಂದ ವಾರ, ಅವರ ಹೆಂಡತಿ ಕೋಪನ್‌ಹೇಗನ್ನಿನ ಆಸ್ಪತ್ರೆಯಲ್ಲಿ ಸಾಯ್ತಾ ಇದ್ರು. ಆದರೂ ಅವರು ತಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ನಾಡಿಗಾಗಿ ಸಂಸಾರವನ್ನೇ ಬಲಿ ಕೊಟ್ಟ ಮನುಷ್ಯ ಅವರು."

ತಲೆಗಳು ತೂಗಿದವು. ಮಾರ್ಜುನ್ ಕಪ್ಪನ್ನು ಕೆಳಗಿಟ್ಟಳು.

"ಬಲಿ," ಎಂದಳು ಮೆಲ್ಲಗೆ, ಹಾನುಸನಿಗೆ ಮಾತ್ರ ಕೇಳುವಂತೆ. "ಆ ಮಸೂದೆ ಬಿದ್ದೇಹೋಯ್ತು, ಅದನ್ನ ಹೇಳಲ್ಲ ನೋಡು. ಕೇಳು ಚಿಕ್ಕಪ್ಪ, ಹತ್ತು ದಿನದ ಹಿಂದೆ ಅಪ್ಪ ಹಾಸಿಗೆ ಹತ್ರ ಕರೆದ. 'ಬರಬೇಡ ಅಂತ ನಿಮ್ಮವ್ವನೇ ಹಾನುಸನ ಕೈಲಿ ಹೇಳಿಕಳ್ಸಿದ್ಲು ಮಗೂ, ಈಗ್ಲಾದ್ರೂ ನಂಬ್ತೀಯಾ?' ಅಂದ. ಸಾಯೋ ಹೊತ್ತಲ್ಲೂ ನಿನ್ನ ತಲೆ ಮೇಲೇ ಹಾಕೋಕೆ ನೋಡ್ದ."

"ನೀನೇನಂದೆ?"

"ಗೋಡೆ ನೋಡ್ದೆ."

*

ಇಪ್ಪತ್ತಾರು ವರ್ಷದ ಹಿಂದಿನ ಆ ವಾರ ಹಾನುಸನ ಹಡಗು ರಿಪೇರಿಗೆಂದು ಕೋಪನ್‌ಹೇಗನ್ನಿನ ಬಂದರಿನಲ್ಲೇ ಇತ್ತು. ಸಣ್ಣ ಶಸ್ತ್ರಚಿಕಿತ್ಸೆ ಎಂದು ಹೋದ ಸನ್ನಾಗೆ ನಂಜೇರಿತ್ತು. ಅವನು ದಿನವೂ ಹೋಗಿ ಹಾಸಿಗೆಯ ಪಕ್ಕ ಕೂರುತ್ತಿದ್ದ. ಸಂಜೆಗೊಮ್ಮೆ ಓಣಿಯ ಕೊನೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ನರ್ಸು ಅವನನ್ನು ಕರೆಯುತ್ತಿದ್ದಳು. ಆ ಕಡೆ ಅಣ್ಣ.

"ಹೇಗಿದಾಳೆ? ನಾನು ಹೊರಟುಬರ್ಲಾ? ಮತ ಹಾಳಾಗ್ಲಿ."

ಸ್ವಲ್ಪ ಹೊತ್ತಿನ ಹಿಂದೆಯಷ್ಟೇ ಸನ್ನಾ ಅವನ ತೋಳು ಹಿಡಿದು, "ಅವರನ್ನ ಬರೋಕೆ ಹೇಳು ಹಾನುಸ್," ಎಂದಿದ್ದಳು.

ಹಾನುಸ್ ಫೋನು ಹಿಡಿದು ನಿಂತ. ಅವ್ವ ಸಾಯುವಾಗ ಅಣ್ಣ ಯಾವುದೋ ದ್ವೀಪದಲ್ಲಿ ಸಭೆಯಲ್ಲಿದ್ದ. ಅಂದು ಅವ್ವನ ಬಾಯಿಗೆ ಕೊನೆಯ ನೀರು ಬಿಟ್ಟವನು ಹಾನುಸ್. ತನ್ನ ಮೀನಿನ ದುಡ್ಡಿನಲ್ಲಿ ಓದಿದವನು ಒಮ್ಮೆಯಾದರೂ ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಬರಲಿ. ಬರುವವನು ಬರುತ್ತಾನೆ, ಕೇಳುತ್ತ ಕೂರುವುದಿಲ್ಲ. ಹಾಗೆ ಅನ್ನಿಸಿದ್ದೇ ತಡ, ಬಾಯಿ ಆಡಿಬಿಟ್ಟಿತು.

"ಚೆನ್ನಾಗಿದಾಳೆ. ಬರಬೇಡವಂತೆ. ನಿನ್ನ ಮತ ನೀನು ಹಾಕು ಅಂದ್ಲು."

ಮರುದಿನವೂ ಅದೇ ಅಂದ. ಮೂರನೆಯ ದಿನವೂ.

ಸನ್ನಾಳ ಹೆಣ ಹಡಗಿನಲ್ಲಿ ಬಂದಾಗ ಹದಿನಾಲ್ಕರ ಮಾರ್ಜುನ್ ಬಂದರುಕಟ್ಟೆಯ ಮೇಲೆ ಎಲ್ಲರೆದುರು ಅಪ್ಪನ ಎದೆಗೆ ಗುದ್ದಿದಳು. "ಯಾಕೆ ಹೋಗ್ಲಿಲ್ಲ?" ಸಾಕಾರಿಸ್ ತಮ್ಮನತ್ತ ತಿರುಗಿ, "ಬರಬೇಡವಂತೆ ಅಂದ್ಯಲ್ಲೋ, ಹೇಳೋ ಅವಳಿಗೆ," ಎಂದ. ಇಡೀ ಊರು ಹಾನುಸನ ಮುಖ ನೋಡಿತು.

"ನಾನ್ಯಾಕೆ ಹಾಗೆ ಹೇಳ್ಲಿ?" ಎಂದ ಹಾನುಸ್.

ಸಾಕಾರಿಸ್ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಎಂದೂ ನೋಡಲಿಲ್ಲ. ಮಗಳು ಬಟ್ಟೆಗಂಟು ತೆಗೆದುಕೊಂಡು ಚಿಕ್ಕಪ್ಪನ ಮನೆ ಸೇರಿದಾಗಲೂ ತಡೆಯಲಿಲ್ಲ.

*

ಅಧ್ಯಕ್ಷನ ಭಾಷಣ ಇನ್ನೂ ನಡೆದೇ ಇತ್ತು. ಹಾನುಸ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಜರುಗಿದ ಸದ್ದಿಗೆ ತಲೆಗಳು ತಿರುಗಿದವು.

"ಅದು ಹಾಗಲ್ಲ," ಎಂದ.

"ಕೂತ್ಕೊಳ್ಳೋ ಮಾರಾಯ," ಟುಮ್ಮಾಸ್ ಅವನ ಕೋಟು ಜಗ್ಗಿದ. "ಇವತ್ತೂ ರಾಜಕೀಯ ಬೇಕಾ ನಿಂಗೆ?"

"ರಾಜಕೀಯ ಅಲ್ಲ. ಅವನು ಯಾರನ್ನೂ ಬಲಿ ಕೊಡ್ಲಿಲ್ಲ. ಮೂರು ಸಂಜೆ ಫೋನ್ ಮಾಡಿದ, ಬರ್ತೀನಿ ಅಂತ. ಬೇಡ ಅಂದಿದ್ದು ನಾನು. ಅತ್ತಿಗೆ ಬಾ ಅಂತಿದ್ಲು, ನಾನು ಬೇಡವಂತೆ ಅಂದೆ. ಆಮೇಲೆ ಅನ್ನಲೇ ಇಲ್ಲ ಅಂದೆ."

ಅಧ್ಯಕ್ಷ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಮುಂದೆ ಓದಬೇಕಾದದ್ದು ಅವನಿಗೆ ಸಿಕ್ಕಲಿಲ್ಲ.

ಮಾರ್ಜುನ್ ಕೂತಲ್ಲಿಂದಲೇ ಕೇಳಿದಳು. "ಎಷ್ಟು ಸಲ ಕೇಳಿದ್ಲು ಅವ್ವ?"

"ದಿನಾ ಕೇಳಿದ್ಲು."

"ಕೊನೇ ದಿನ?"

"ಮಾತು ಬರ್ತಿರ್ಲಿಲ್ಲ. ಬಾಗಿಲು ನೋಡ್ತಿದ್ಲು."

"ಅಪ್ಪ ಹೋದ್ಮೇಲೆ ಹೇಳ್ತಿದೀಯ."

ಅವಳು ಅವನನ್ನು ಬಯ್ಯಲಿಲ್ಲ. ಎದ್ದಳು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ಹಾಕಿಕೊಂಡಳು, ಮೇಜುಗಳ ನಡುವೆ ಹಾದು ಹೊರಗೆ ಹೋದಳು. ಬಾಗಿಲು ಮುಚ್ಚಿದ ಮೇಲೆ ಟುಮ್ಮಾಸ್ ತನ್ನ ಕಪ್ಪು ಎತ್ತಿಕೊಂಡು ಇನ್ನೊಂದು ಮೇಜಿಗೆ ಹೋಗಿ ಕೂತ. ಉಳಿದವರೂ ಒಬ್ಬೊಬ್ಬರಾಗಿ ಕುರ್ಚಿ ಸರಿಸಿಕೊಂಡರು.

ಹಾನುಸ್ ಕಿಟಕಿಯತ್ತ ತಿರುಗಿದ. ಅವಳು ಚರ್ಚಿನ ಗೇಟು ದೂಡಿ ಒಳಗೆ ಹೋದದ್ದು ಕಂಡಿತು, ಅದನ್ನು ಮತ್ತೆ ಹಾಕಲು ಮರೆತಿದ್ದಳು. ಗುಡ್ಡೆಯ ಪಕ್ಕ ಒದ್ದೆ ನೆಲದ ಮೇಲೇ ಕೂತುಬಿಟ್ಟಳು. ಅವಳ ತುಟಿಗಳು ಆಡುತ್ತಿದ್ದವು. ಏನು ಹೇಳುತ್ತಿದ್ದಾಳೆಂದು ಗಾಜಿನ ಈಚೆಗೆ ತಿಳಿಯುವ ಹಾಗಿರಲಿಲ್ಲ. ಗುಡ್ಡದ ಕಡೆಯಿಂದ ನಾಲ್ಕಾರು ಕುರಿಗಳು ಇಳಿದು ಬಂದು, ತೆರೆದ ಗೇಟಿನಲ್ಲಿ ಒಂದು ಕ್ಷಣ ನಿಂತು, ಒಳಗೆ ಹೊಕ್ಕು ಹೂಚಕ್ರಗಳಿಗೆ ಬಾಯಿ ಹಾಕಿದವು. ಒಂದರ ಬಾಯಿಂದ ಪಕ್ಷದ ಹೆಸರು ಬರೆದ ರೇಷ್ಮೆಪಟ್ಟಿ ಉದ್ದಕ್ಕೆ ಜೋತಾಡುತ್ತಿತ್ತು. ಅದು ಮೇಯುತ್ತ ಅವಳ ಭುಜಕ್ಕೆ ತಾಗುವಷ್ಟು ಹತ್ತಿರ ಬಂತು. ಮಾರ್ಜುನ್ ಅದನ್ನು ಓಡಿಸಲಿಲ್ಲ.