ಕಿಲಾರಿಯ ಕಾಲು

ಸೂರಪ್ಪನ ಕಥೆಯನ್ನು ಈಗ ಸಿದ್ದಾಪುರದ ಸುತ್ತಿನ ಹಟ್ಟಿಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ಕಾಲು ಮುರಿದವನು ಛಲ ಬಿಡದೆ ಕುಸ್ತಿ ಕಲಿತ, ಗೆದ್ದ, ಕೈತಪ್ಪಿದ ಕೋಲನ್ನು ಮರಳಿ ಪಡೆದ ಅಂತ. ಸುಳ್ಳೇನೂ ಅಲ್ಲ. ಆದರೆ ಆ ಕಥೆಯಲ್ಲಿ ಅವನ ಅಕ್ಕ ಇಲ್ಲ, ನಾನೂ ಇಲ್ಲ. ನಾನು ಇಲ್ಲದಿದ್ದರೆ ಹಾಳಾಗಿ ಹೋಗಲಿ, ಮೊಳಕಾಲ್ಮೂರಿನ ನೇಕಾರ ಚಿತ್ತಯ್ಯನನ್ನು ಕೇಳುವವರು ಯಾರು? ಅಕ್ಕನನ್ನು ಬಿಟ್ಟರಲ್ಲ, ಅದಕ್ಕೆ ನನ್ನ ಮೈ ಉರಿಯುತ್ತದೆ.

ಸೂರಪ್ಪ ಮ್ಯಾಸ ನಾಯಕರ ಹುಡುಗ. ಅವರ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ಎತ್ತುಗಳ ಹಿಂಡು ಇತ್ತು. ಅವನ್ನು ನೊಗಕ್ಕೆ ಕಟ್ಟುವಂತಿಲ್ಲ, ಮಾರುವಂತಿಲ್ಲ, ಮೇಯಿಸಬೇಕು ಅಷ್ಟೆ. ಮೇಯಿಸುವವನಿಗೆ ಕಿಲಾರಿ ಅನ್ನುತ್ತಾರೆ, ಅವನ ಕೈಯಲ್ಲೊಂದು ಕೋಲು. ಆ ಕೋಲು ಸೂರಪ್ಪನ ತಾತನ ಕೈಯಲ್ಲಿತ್ತು, ಅಪ್ಪನ ಕೈಯಲ್ಲಿತ್ತು, ಆಮೇಲೆ ಇವನ ಕೈಗೆ ಬಂತು. ಕಿಲಾರಿಯ ಮೈಯಲ್ಲಿ ಊನ ಇರಬಾರದು, ನಡತೆಯಲ್ಲಿ ಮೈಲಿಗೆ ಇರಬಾರದು. ಎಲ್ಲಕ್ಕಿಂತ ದೊಡ್ಡ ಮೈಲಿಗೆ ಅಂದರೆ ಕೋಳಿ. ಆ ಜನ ಕುರಿ ತಿನ್ನುತ್ತಾರೆ, ಮೊಲ ತಿನ್ನುತ್ತಾರೆ, ಕೋಳಿಯ ಹೆಸರೆತ್ತಿದರೆ ಉಗಿಯುತ್ತಾರೆ. ಅವರ ಹಟ್ಟಿಯೊಳಗೆ ಕೋಳಿ ಕೂಗುವ ಹಾಗಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ. ಯಾಕೆ ಅಂತ ಗೊತ್ತಿಲ್ಲದೆ ಮಾಡುವ ಕೆಲಸ ನಮ್ಮ ನೇಕಾರರ ಮನೆಯಲ್ಲೂ ನೂರು ಇವೆ.

ಪ್ಲೇಗು ಬಂದು ಹೋದ ಮೂರನೆಯ ವರ್ಷ, ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಗಳ ಮೇಲೆ ತಪ್ಪಿಸಿಕೊಂಡ ಹೋರಿಯೊಂದರ ಹಿಂದೆ ಓಡಿದ ಸೂರಪ್ಪ ಜಾರಿ ಬಿದ್ದು ಎಡತೊಡೆ ಮುರಿದುಕೊಂಡ. ಮೂಳೆ ಕಟ್ಟುವವನು ಕಟ್ಟಿದ. ಮೂಳೆ ಕೂಡಿತು, ಮಾಂಸ ಕೂಡಲಿಲ್ಲ. ಕಟ್ಟು ಬಿಚ್ಚಿದಾಗ ತೊಡೆ ಜೋಳದ ದಂಟಿನ ಹಾಗಿತ್ತಂತೆ. ಅದೇ ದಿನ ಹಟ್ಟಿಯ ಯಜಮಾನ ದೊಡ್ಡಪಾಲಯ್ಯ ಹತ್ತು ಜನರನ್ನು ಕಟ್ಟಿಕೊಂಡು ಬಂದ. ಬಂದವನು ಗುಡಿಸಲಿನ ಮೂಲೆಯಲ್ಲಿದ್ದ ಕೋಲನ್ನು ತೆಗೆದು ತನ್ನ ತಂಗಿಯ ಮಗ ಹುಲಿಯಪ್ಪನ ಕೈಗಿಟ್ಟ.

ಮಲಗಿದ್ದಲ್ಲಿಂದಲೇ ಸೂರಪ್ಪ ಕೇಳಿದ, "ನಾನು ಎದ್ದು ಇವನ ಬೆನ್ನು ನೆಲಕ್ಕೆ ಹಾಕಿದ್ರೆ?"

ಬಂದವರೆಲ್ಲ ನಕ್ಕರು. ಏಳಲಾರದವನು ಏಣಿ ಹತ್ತುತ್ತೀನಿ ಅಂದ ಹಾಗೆ. ದೊಡ್ಡಪಾಲಯ್ಯನೂ ನಗುತ್ತಲೇ, ಬರುವ ವರ್ಷ ದೀವಳಿಗೆ ಕಳೆದ ಮೇಲೆ ಹಾಕು, ಹಾಕಿದರೆ ಕೋಲು ನಿನ್ನದೇ ಅಂದ. ತಮಾಷೆಗೆ ಅಂದ ಮಾತು. ಆದರೆ ಹತ್ತು ಜನರ ಎದುರು ಯಜಮಾನ ಆಡಿದ ಮಾತು ತಮಾಷೆಯದಾದರೂ ಮಾತೇ.

ಅವನ ಅಕ್ಕ ನಿಂಗಕ್ಕ ಇವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವ್ವ ಸತ್ತ ಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಗಂಡನನ್ನು ಪ್ಲೇಗು ಕೊಂಡೊಯ್ದಿತ್ತು, ಮಕ್ಕಳಿರಲಿಲ್ಲ. ಮೊಳಕಾಲ್ಮೂರಿನ ಗರಡಿಯ ಬುಡೇನ್ ಸಾಬ್ ಸತ್ತ ಕಾಲಿಗೂ ಜೀವ ತರಿಸುತ್ತಾನೆ ಅಂತ ಯಾರೋ ಹೇಳಿದ್ದೇ ಸಾಕಾಯಿತು, ತಮ್ಮನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದುಬಿಟ್ಟಳು. ನಮ್ಮ ಮನೆಯ ಜಗಲಿಯ ಪಕ್ಕದ ಕೋಣೆಯಲ್ಲಿ ಇಳಿದರು. ಅವಳು ನಮಗೆ ರೇಷ್ಮೆ ನೂಲು ಸುತ್ತಿ ಕೊಡುತ್ತಿದ್ದಳು. ಬೇರೆ ಒಲೆ ಹೂಡಿಕೊಂಡು ತಮ್ಮನಿಗೆ ತಾನೇ ಬೇಯಿಸಿ ಹಾಕುತ್ತಿದ್ದಳು, ಯಾಕೆಂದರೆ ಕಿಲಾರಿಯಾಗಬೇಕಾದವನು ಇನ್ನೊಬ್ಬರ ಮನೆಯಲ್ಲಿ ಉಣ್ಣುವಂತಿಲ್ಲ. ನಮ್ಮ ಹಿತ್ತಲಿನ ಕೋಳಿ ಅಂಗಳಕ್ಕೆ ಬಂದರೆ ಸೂರಪ್ಪ ಜಗಲಿಯಿಂದ ಎದ್ದು ಕುಂಟುತ್ತಾ ಬೀದಿಗೆ ಹೋಗುತ್ತಿದ್ದ. ಒಮ್ಮೆ ಪುಕ್ಕವೊಂದು ಹಾರಿ ಹೆಗಲ ಮೇಲೆ ಬಿತ್ತೆಂದು ಮೂರು ಕೊಡ ನೀರು ಸುರಿದುಕೊಂಡ. ನೀರು ಸೇದಿದವಳು ನಿಂಗಕ್ಕ.

ಬುಡೇನ್ ಸಾಬ್‌ನ ಗರಡಿಯಲ್ಲಿ ಕರುಣೆ ಅನ್ನುವ ಸಾಮಾನು ಸಿಗುತ್ತಿರಲಿಲ್ಲ. ಬೆಳಿಗ್ಗೆ ಕೆಮ್ಮಣ್ಣಿನಲ್ಲಿ ಸೂರಪ್ಪನನ್ನು ನಿಲ್ಲಿಸಿ, ಆ ಸಣಕಲು ಕಾಲಿಗೇ ಕೈ ಹಾಕಿ ಬೀಳಿಸು ಅಂತ, ಅಲ್ಲೇ ಸಾಮು ಮಾಡುತ್ತಿದ್ದ ನನಗೆ ಹೇಳುತ್ತಿದ್ದ. ನಾನು ಬೀಳಿಸುತ್ತಿದ್ದೆ. ಎದ್ದ ಕೂಡಲೇ ಮತ್ತೆ ಬೀಳಿಸುತ್ತಿದ್ದೆ. ದಿನಕ್ಕೆ ನಲವತ್ತು ಸಲ, ಐವತ್ತು ಸಲ. ಮೊದಮೊದಲು ನನಗೆ ಅಯ್ಯೋ ಅನ್ನಿಸುತ್ತಿತ್ತು. ಆಮೇಲೆ, ಸುಳ್ಳು ಯಾಕೆ ಹೇಳಲಿ, ಖುಷಿಯಾಗುತ್ತಿತ್ತು. ಗರಡಿಯಲ್ಲಿ ನಾನು ಯಾರನ್ನಾದರೂ ಬೀಳಿಸಿದ್ದು ಆ ವರ್ಷವೇ. ಒಂದು ದಿನ ಅವನು ಹಲ್ಲು ಕಚ್ಚಿಕೊಂಡು ಅತ್ತಾಗ ಸಾಬ್ ಹತ್ತಿರ ಬಂದು ಕೂತ.

"ನೋವು ಐತೇನು ಬೇಟಾ? ಇದ್ರೆ ಒಳ್ಳೇದು. ಸತ್ತ ಕಾಲು ನೋಯಲ್ಲ."

ಆ ಮಾತು ಸೂರಪ್ಪನಿಗೆ ಮಂತ್ರವಾಗಿಬಿಟ್ಟಿತು. ನೋವಾದಾಗಲೆಲ್ಲ ನಗಲು ಕಲಿತ. ಬೆಳಗಿನ ಸಾಮು ಮುಗಿಸಿ ಹೆಗಲ ಮೇಲೆ ಕಲ್ಲು ಹೊತ್ತು ನುಂಕಪ್ಪನ ಬೆಟ್ಟ ಹತ್ತಲು ಹೋಗುತ್ತಿದ್ದ. ಅರ್ಧ ಹತ್ತಿ ಕಾಲು ಕುಸಿದು ಉರುಳುತ್ತಿದ್ದ, ಮಂಡಿ ತರಚಿಕೊಂಡು ಬಂದು, ಇವತ್ತು ನಿನ್ನೆಗಿಂತ ಹತ್ತು ಹೆಜ್ಜೆ ಜಾಸ್ತಿ ಅನ್ನುತ್ತಿದ್ದ. ಅವನಂಥ ಛಲಗಾರನನ್ನು ನಾನು ನೋಡಿಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಛಲ ಒಂದೇ ಮಾಂಸ ಬೆಳೆಸುವುದಿಲ್ಲ. ಯುಗಾದಿಯ ಹೊತ್ತಿಗೆ ತೊಡೆ ಇದ್ದ ಹಾಗೇ ಇತ್ತು. ಸಾಬ್ ಅಳತೆಯ ದಾರ ಸುತ್ತಿ ನೋಡಿ ತಲೆಯಾಡಿಸಿದ. ನಿಂಗಕ್ಕನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, ಬರೀ ರಾಗಿ ಗಂಜಿಯಲ್ಲಿ ಇದು ಆಗುವ ಕೆಲಸವಲ್ಲ, ದಿನಾ ಎರಡು ಕೋಳಿಮೊಟ್ಟೆ ಹೊಟ್ಟೆಗೆ ಬೀಳಬೇಕು, ಇಲ್ಲದಿದ್ದರೆ ಊರಿಗೆ ಕರೆದುಕೊಂಡು ಹೋಗು ಅಂದ. ನಿಂಗಕ್ಕ ಎರಡೂ ಕಿವಿ ಮುಚ್ಚಿಕೊಂಡು ಅಲ್ಲಿಂದ ಓಡಿದಳು.

ನಾಲ್ಕನೆಯ ದಿನ ನಮ್ಮ ಹಿತ್ತಲಿಗೆ ಬಂದು ನಿಂತಳು. ಕೋಳಿಗೂಡಿನ ಕಡೆ ನೋಡಲಾರದೆ ನೆಲ ನೋಡುತ್ತಿದ್ದಳು.

"ಎರಡು ಕೊಡು ಚಿತ್ತಣ್ಣ. ಅವನು ಅರೀದೆ ಉಂಡ್ರೆ ಅವನಿಗೇನು ದೋಷ? ಉಣ್ಣಿಸಿದ ಪಾಪ ನನಗಿರ್ಲಿ."

ನನ್ನ ಹೆಂಡತಿ ಎರ್ರಮ್ಮ ಒಳಗಿನಿಂದಲೇ ತೆಲುಗಿನಲ್ಲಿ "ಮನಕೆಂದುಕಯ್ಯಾ" ಅಂದಳು. ನಮಗೆ ಯಾಕೆ ಬೇಕು ಇದೆಲ್ಲ ಅಂತ. ಅವಳ ಮಾತು ಕೇಳಬೇಕಿತ್ತು. ನಾನು ಕೊಟ್ಟೆ. ಮ್ಯಾಸರ ಹುಚ್ಚು ಕಟ್ಟಳೆ, ಮೊಟ್ಟೆ ತಿಂದರೆ ಆಕಾಶ ಬೀಳುತ್ತದೆಯೇ ಅನ್ನಿಸಿತು. ಮೊದಲ ದಿನ ಅದನ್ನು ಗಂಜಿಗೆ ಒಡೆದು ಹಾಕಿ ನಿಂಗಕ್ಕ ಹಿತ್ತಲ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಆಮೇಲೆ ಬೆಲ್ಲ, ಮೆಣಸು ಹಾಕಿ ಕುದಿಸಿ ತಮ್ಮನಿಗೆ ಕುಡಿಸಿದಳು. ಹುಟ್ಟಿದಾಗಿನಿಂದ ಮೊಟ್ಟೆಯ ವಾಸನೆಯನ್ನೇ ಕಾಣದವನಿಗೆ ಗುರುತು ಹತ್ತುವುದಾದರೂ ಹೇಗೆ? ಅಕ್ಕ, ಗಂಜಿ ಭಾಳ ಚಲೋ ಐತೆ ಅಂದನಂತೆ. ಚಿಪ್ಪುಗಳನ್ನು ನಾನು ತಿಪ್ಪೆಯಲ್ಲಿ ಹೂತೆ.

ಶ್ರಾವಣ ಕಳೆಯುವ ಹೊತ್ತಿಗೆ ಆ ತೊಡೆಗೆ ನನ್ನ ಎರಡೂ ಕೈಯ ಹಿಡಿ ಸಾಲುತ್ತಿರಲಿಲ್ಲ. ಅವನು ಬೆಟ್ಟದ ತುದಿಗೆ ಹೋಗಿ ಕಲ್ಲನ್ನು ಅಲ್ಲೇ ಇಟ್ಟು, ಓಡುತ್ತಾ ಇಳಿದು ಬಂದ. ನಾನು ಅವನನ್ನು ಬೀಳಿಸುವ ಕಾಲ ಮುಗಿಯಿತು. ನನ್ನ ಬೆನ್ನು ಕೆಮ್ಮಣ್ಣು ಕಚ್ಚುವ ಕಾಲ ಶುರುವಾಯಿತು.

ದೀವಳಿಗೆಯಾದ ಐದನೆಯ ದಿನ ಹಟ್ಟಿಯ ಮುಂದಿನ ಮರಳಿನಲ್ಲಿ ಕುಸ್ತಿ. ಸಾಬ್ ಹಟ್ಟಿಯೊಳಗೆ ಬರುವಂತಿರಲಿಲ್ಲ, ನಾನು ಹೋಗಿದ್ದೆ. ಹುಲಿಯಪ್ಪ ಎಲ್ಲರೂ ಎಣಿಸಿದಂತೆಯೇ ಮೊದಲ ಕೈಯನ್ನೇ ಎಡಗಾಲಿಗೆ ಹಾಕಿದ. ಸೂರಪ್ಪ ಅದನ್ನೇ ಕಾಯುತ್ತಿದ್ದ. ಸಾವಿರಾರು ಸಲ ನನ್ನ ಕೈಯಲ್ಲಿ ಎಳೆಸಿಕೊಂಡ ಕಾಲು ಅದು. ಅದನ್ನು ನೆಲಕ್ಕೆ ಬೇರು ಬಿಟ್ಟ ಹಾಗೆ ಊರಿ, ಬಗ್ಗಿದವನ ಕುತ್ತಿಗೆಯನ್ನೂ ತೋಳನ್ನೂ ಕಂಕುಳಲ್ಲಿ ಹಿಡಿದು ತಿರುಗಿಸಿದ. ಹುಲಿಯಪ್ಪನ ಭುಜದ ಕೀಲು ಲಟ್ ಅಂದಿದ್ದು ನನಗೂ ಕೇಳಿಸಿತು. ಅವನು ನೋವಿಗೆ ಕೂಗಿ ಸಾಕು ಅಂದ ಮೇಲೂ ಸೂರಪ್ಪ ಬಿಡಲಿಲ್ಲ. ಬೆನ್ನು ಪೂರ್ತಿ ಮರಳಿಗೆ ಅಂಟಿಸಿ, ಎದೆಯ ಮೇಲೆ ಆ ಎಡಮಂಡಿಯನ್ನೇ ಊರಿ, ಸುತ್ತ ನಿಂತವರ ಮುಖವನ್ನು ಒಂದೊಂದಾಗಿ ನೋಡಿದ ಮೇಲೆ ಎದ್ದ. ಒಂದು ವರ್ಷದ ಹಿಂದೆ ನಕ್ಕವರೇ ಈಗ ಅವನನ್ನು ಎತ್ತಿ ಕುಣಿದರು.

ದೊಡ್ಡಪಾಲಯ್ಯ ಮಾತಿಗೆ ತಪ್ಪಲಿಲ್ಲ. ಕೋಲು ತರಿಸಿದ. ಅದನ್ನು ಹಿಡಿಯುವ ಮುನ್ನ ಕಿಲಾರಿಯಾಗುವವನು ಕೋಲಿನ ಮೇಲೆ ಹಾಲು ಹೊಯ್ದು ಆಣೆ ಇಡುವುದು ಅವರ ಪದ್ಧತಿ. ಆ ಆಣೆ ಸುಳ್ಳಾದರೆ ಹಿಂಡು ಒಂದು ವರ್ಷದಲ್ಲಿ ನಾಶವಾಗುತ್ತದೆ, ಆಣೆ ಇಟ್ಟವನ ಜೀವವೂ ಉಳಿಯುವುದಿಲ್ಲ ಅಂತ ಅವರ ನಂಬಿಕೆ. ಯಜಮಾನ ಹೇಳಿಕೊಡಬೇಕು, ಇವನು ಹೇಳಬೇಕು. ನಾನು ನಿಂಗಕ್ಕನ ಪಕ್ಕದಲ್ಲೇ ನಿಂತಿದ್ದೆ. ಅವಳ ಮುಖದ ತುಂಬ ಬೆಳಕಿತ್ತು.

"ಅರಿತಾಗ್ಲಿ, ಅರೀದೆ ಆಗ್ಲಿ," ಅಂದ ದೊಡ್ಡಪಾಲಯ್ಯ, "ಕೋಳಿ ನನ್ನ ಹೊಟ್ಟೆಗೆ ಹೋಗಿಲ್ಲ."

ಅರೀದೆ ಆಗ್ಲಿ ಅನ್ನುವ ಮಾತು ಆಣೆಯಲ್ಲಿ ಇದೆ ಅಂತ ನಿಂಗಕ್ಕನಿಗೆ ತಿಳಿದಿರಲಿಲ್ಲ. ಅವರಲ್ಲಿ ಹೆಂಗಸರನ್ನು ಆಣೆಯ ಹತ್ತಿರ ಬಿಡುವುದಿಲ್ಲ, ಕುಸ್ತಿಯ ಗದ್ದಲದಲ್ಲಿ ಅವತ್ತು ನುಗ್ಗಿ ಬಂದಿದ್ದಳು ಅಷ್ಟೆ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಮುಂಗೈ ಹಿಡಿದು, ಸುಮ್ಮನಿರು ಅಂತ ಪಿಸುಗುಟ್ಟಿದೆ. ಸೂರಪ್ಪ ಧೈರ್ಯವಾಗಿ ಬಾಯಿ ತೆರೆದ. ಅವಳು ನನ್ನ ಕೈ ಕಿತ್ತುಕೊಂಡು ಮುಂದೆ ಓಡಿ ಅವನ ಬಾಯಿ ಮುಚ್ಚಿದಳು.

"ಹೇಳಬ್ಯಾಡ ಸೂರ. ಹೇಳಿದ್ರೆ ಸಾಯ್ತೀಯ. ನಾನು ನಿನಗೆ ಮೊಟ್ಟೆ ಉಣ್ಣಿಸೀನಿ."

ಹುಲಿಯಪ್ಪನ ನರಳಾಟ ಮಾತ್ರ ಕೇಳುತ್ತಿತ್ತು. ಮೊಟ್ಟೆ ಯಾರು ಕೊಟ್ಟರು ಅಂತ ಯಜಮಾನ ಕೇಳಿದ. ಅವಳು ನನ್ನ ಕಡೆ ತಿರುಗಿಯೂ ನೋಡದೆ ಸಂತೆಯಲ್ಲಿ ತಂದೆ ಅಂದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅರ್ಧ ಪಾಪವಾದರೂ ಅವಳ ತಲೆಯಿಂದ ಇಳಿಯುತ್ತಿತ್ತೇನೋ. ಹೇಡಿ ಅಂದರೆ ಏನು ಅಂತ ಅವತ್ತು ನನ್ನಿಂದಲೇ ನನಗೆ ತಿಳಿಯಿತು.

ಹಿರಿಯರು ತೀರ್ಮಾನಕ್ಕೆ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಸೂರಪ್ಪ ಅರಿಯದೆ ಉಂಡವನು, ನಾಲಿಗೆಗೆ ಕಾಯಿಸಿದ ಬಂಗಾರ ಮುಟ್ಟಿಸಿದರೆ ಶುದ್ಧ. ಆಮೇಲೆ ಉಂಡದ್ದೂ ಉಣ್ಣದ ಹಾಗೇ, ಕೋಲು ಹಿಡಿಯಬಹುದು. ಆದರೆ ಅರಿತು ಉಣ್ಣಿಸಿದವಳಿಗೆ ಶುದ್ಧಿಯಿಲ್ಲ, ಅವಳು ಹಟ್ಟಿಯ ಪಾಲಿಗೆ ಸತ್ತಳು. ತಮ್ಮ ತನ್ನ ಕೈಯಾರೆ ಅವಳ ಮಡಕೆ ಒಡೆದು, ಅವಳ ಹೆಸರಿನಲ್ಲಿ ಮೂರು ಹಿಡಿ ಮಣ್ಣು ಹಾಕಬೇಕು. ಹಾಕದಿದ್ದರೆ ಅಕ್ಕನ ಜೊತೆ ಅವನೂ ಹೊರಗೆ, ಕೋಲು ಇಲ್ಲ. ಯಾವುದು ಬೇಕೋ ನೋಡಿಕೋ ಅಂದ ದೊಡ್ಡಪಾಲಯ್ಯ.

ಸೂರಪ್ಪ ಹೊರಗೆ ಬರುತ್ತಾನೆ ಅಂತಲೇ ನಾನು ನಂಬಿದ್ದೆ. ನಮ್ಮ ಕೋಣೆ ಇದೆ, ಗರಡಿ ಇದೆ, ಇಂಥ ಕುಸ್ತಿಯವನಿಗೆ ಎಲ್ಲಿ ಹೋದರೂ ಅನ್ನ ಇದೆ. ಅವನು ಅಕ್ಕನ ಎದುರು ಹೋಗಿ ನಿಂತ.

"ಯಾವಾಗಿಂದ?"

"ಯುಗಾದಿಯಿಂದ ಕಣಪ್ಪ."

"ಹಂಗಾದ್ರೆ ಗೆದ್ದೋನು ನಾನಲ್ಲ."

"ನೀನೇ ಗೆದ್ದೆ. ಮೊಟ್ಟೆ ಬೆಟ್ಟ ಹತ್ತಲ್ಲ ಸೂರ."

ಅವನ ಕಣ್ಣಲ್ಲಿ ಸಿಟ್ಟಿತ್ತು. ಹುಲಿಯಪ್ಪನ ಮೇಲೂ ಅಂಥ ಸಿಟ್ಟನ್ನು ನಾನು ಕಂಡಿರಲಿಲ್ಲ. ಅಕ್ಕ ತನಗೆ ಮೈಲಿಗೆ ಮಾಡಿದಳು ಅನ್ನುವುದಕ್ಕಲ್ಲ, ತನ್ನ ಗೆಲುವಿನಲ್ಲಿ ಪಾಲು ತೆಗೆದುಕೊಂಡಳು ಅನ್ನುವುದಕ್ಕೆ. ಇಷ್ಟು ದಿನ ಬಿದ್ದದ್ದು, ಎದ್ದದ್ದು, ನೋವಿಗೆ ನಕ್ಕದ್ದು ಎಲ್ಲ ತನ್ನದೊಬ್ಬನದೇ ಅಂದುಕೊಂಡಿದ್ದ. ಅವನು ಹಿರಿಯರ ಕಡೆ ತಿರುಗಿ ನಾಲಿಗೆ ಚಾಚಿದ. ಕಾದ ಬಂಗಾರದ ತಂತಿ ಮುಟ್ಟಿದಾಗ ಚುಯ್ ಅಂದಿತು. ಅವನು ರೂಢಿಯಂತೆ ನಕ್ಕ. ನಿಂಗಕ್ಕ ಮಾತ್ರ ತನ್ನ ಬಾಯನ್ನು ಸೆರಗಿನಿಂದ ಒತ್ತಿ ಹಿಡಿದುಕೊಂಡಳು.

ಆಮೇಲೆ ಗುಡಿಸಲಿಗೆ ಹೋಗಿ ಅವಳು ಮೊಳಕಾಲ್ಮೂರಿನಿಂದ ಹೊತ್ತು ತಂದಿದ್ದ, ಗಂಜಿ ಕಾಯಿಸುತ್ತಿದ್ದ ಮಡಕೆಯನ್ನೇ ತಂದ. ಹಟ್ಟಿಯ ಬೇಲಿಯ ಹೊರಗೆ ಅವಳನ್ನು ನಿಲ್ಲಿಸಿದ್ದರು. ಅವಳ ಕಾಲ ಬಳಿ ಅದನ್ನು ಎತ್ತಿ ಒಡೆದ. ಚೂರು ಸಿಡಿದು ಅವಳ ಪಾದದಲ್ಲಿ ರಕ್ತ ಬಂತು. ಬಗ್ಗಿ ಮೂರು ಹಿಡಿ ಮಣ್ಣು ಅವಳ ಮೈಮೇಲೆ ಎರಚಿದ. ಸೂರ ಅಂತ ಅವಳು ಕರೆದಳು. ಸತ್ತವರ ಕರೆ ಕೇಳಿಸಬಾರದಲ್ಲ, ಅವನಿಗೆ ಕೇಳಿಸಲಿಲ್ಲ. ಕೋಲು ತೆಗೆದುಕೊಂಡು ಎತ್ತುಗಳ ದೊಡ್ಡಿಯ ಕಡೆ ಹೊರಟ. ಬಂಡೆ ಏರಿ, ಇಳಿದು, ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಾ, ಒಮ್ಮೆಯೂ ತಿರುಗಿ ನೋಡದೆ ಹೋದ.

ನಾನು ಹತ್ತಿರ ಹೋಗಿ, ಬಾ ನಿಂಗಕ್ಕ, ಮನೆಗೆ ಹೋಗೋಣ ಅಂದೆ. ಅವಳು ತಲೆಯ ಮೇಲಿನ ಮಣ್ಣನ್ನೂ ಕೊಡವಿಕೊಳ್ಳದೆ ಅವನು ಹೋದ ದಿಕ್ಕನ್ನೇ ನೋಡುತ್ತಿದ್ದಳು. ಅವನು ಬಂಡೆಗಳಾಚೆ ಮರೆಯಾದ ಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಕುಸ್ತಿ ಗೆದ್ದಾಗಿನ ಅದೇ ಹಿಗ್ಗಿತ್ತು.

"ನೋಡಿದ್ಯಾ ಚಿತ್ತಣ್ಣ? ಒಂದು ಹೆಜ್ಜೇನೂ ಕುಂಟಲಿಲ್ಲ."