ವಿಲ್ಬರ್ ಕ್ರೇನ್‌ನ ಟ್ಯೂನು

ಶಿವಾಜಿನಗರದ ಬಸ್ಸಿನಲ್ಲಿ ನನ್ನ ಜೇಬು ಕತ್ತರಿಸಿದವನನ್ನಾದರೂ ಕ್ಷಮಿಸಿಯೇನು, ಇನ್ನೊಬ್ಬರ ಸಂಗೀತ ಕದಿಯುವವರನ್ನು ಕ್ಷಮಿಸಲಾರೆ. ಹಾಗಾಗಿ ಮಾರಿಯಾಳ ಹೊಸ ಆಲ್ಬಮ್ಮಿನ ಪಟ್ಟಿ ಕೈಗೆ ಬಂದಾಗ ಮೈ ಉರಿದುಹೋಯಿತು. ಎಂಟು ರಚನೆ, ಎಂಟೂ ತನ್ನವೇ ಎಂದು ಬರೆದುಕೊಂಡಿದ್ದಳು. ಐದನೆಯದು ಅಮೆರಿಕದ ವಿಲ್ಬರ್ ಕ್ರೇನ್‌ನದು, ಅದು ನನಗೆ ಚೆನ್ನಾಗಿ ಗೊತ್ತು.

ಮಾರಿಯಾ ಫ್ರೇಜರ್ ಟೌನಿನವಳು, ಜಾಝ್ ಗಿಟಾರ್ ನುಡಿಸುತ್ತಾಳೆ. ನಾನು ಹಲಸೂರಿನ ಮಧುಕರ್, ಅವಳ ಪಕ್ಕದಲ್ಲಿ ನಿಂತು ಬೇಸ್ ಗಿಟಾರ್ ನುಡಿಸುವವನು. ಕಂಟೋನ್ಮೆಂಟಿನ ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಪ್ರತಿ ಶನಿವಾರ ಸಂಜೆ ಜೊತೆಯಾಗಿ ನುಡಿಸಿದ್ದೇವೆ. ತಟ್ಟೆ ಚಮಚಗಳ ಗದ್ದಲದಲ್ಲಿ ಅವಳ ಗಿಟಾರ್ ಕೇಳಬೇಕು. ಬೇರೆಯವರು ಹತ್ತು ಸ್ವರ ಸುರಿಯುವ ಕಡೆ ಅವಳು ಎರಡು ಇಟ್ಟು ಸುಮ್ಮನಾಗುತ್ತಾಳೆ. ಮನೆಗೆ ಹೋದ ಮೇಲೂ ಕಿವಿಯಲ್ಲಿ ಉಳಿಯುವುದು ಆ ಎರಡೇ. ಆದರೂ ಅಲ್ಲಿ ವಾರವಾರ ನುಡಿಸುತ್ತಿದ್ದ ಕ್ರೇನ್‌ನ ಆ ಟ್ಯೂನ್ ಮುಗಿದಾಗಲೆಲ್ಲ ನಾನು ಅವನನ್ನು ಬಾಯ್ತುಂಬ ಹೊಗಳಿ, ಅವನ ಮನಸ್ಸು ನಿನಗಿನ್ನೂ ಪೂರ್ತಿ ಸಿಕ್ಕಿಲ್ಲ ಎಂದು ಅವಳಿಗೇ ಪಾಠ ಹೇಳುತ್ತಿದ್ದೆ.

ದೊಮ್ಮಲೂರಿನ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ನಾನು ಬೇಸನ್ನು ಚೀಲದಿಂದ ತೆಗೆಯಲೇ ಇಲ್ಲ.

"ಕ್ರೇನ್ ಹೆಸ್ರು ಹಾಕು," ಎಂದೆ. "ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ಕರ್ಕೋ."

"ನೀನಿಲ್ದೆ ಈ ಆಲ್ಬಮ್ ಮಾಡಲ್ಲ ಮಧು. ಅವನು ಯಾರು ಅಂತ ಹುಡುಕಿದ್ಯಾ?"

ಹುಡುಕಿದ್ದೆ. ಒಂದು ವಾರ ಫೋನ್ ಹಿಡಿದು ಕೂತರೂ ಅವನದೊಂದು ಫೋಟೋ ಸಹ ಸಿಕ್ಕಿರಲಿಲ್ಲ. ದೊಡ್ಡವರನ್ನು ಜಗತ್ತು ಹೀಗೇ ಮರೆಯುತ್ತದೆ ಎಂದು ಮರುಗಿದ್ದೆ.

"ಅಂಥವನು ಇಲ್ವೇ ಇಲ್ಲ," ಎಂದಳು ಮಾರಿಯಾ. "ಹೋಟೆಲ್ ಮ್ಯಾನೇಜರ್‌ಗೆ ಪ್ರತಿ ವಾರ ನುಡ್ಸೋ ಟ್ಯೂನ್‌ಗಳ ಲಿಸ್ಟ್ ಕೊಡ್ಬೇಕಿತ್ತಲ್ಲ? ಆ ಟ್ಯೂನ್ ಪಕ್ಕ ನನ್ನ ಹೆಸ್ರು ಬರ್ದೆ, ಹೊಡ್ದು ಹಾಕ್ದ. ಮುಂದಿನ ವಾರ ಅದಕ್ಕೇ ವಿಲ್ಬರ್ ಕ್ರೇನ್, ಶಿಕಾಗೊ ಅಂತ ಬರ್ದೆ. ಒಳ್ಳೇ ಸೆಲೆಕ್ಷನ್ ಅಂದ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಇದ್ದೆ. ಅದನ್ನ ನುಡ್ಸಿದ ಮೊದಲ್ನೇ ದಿನಾನೇ ನೀನು, ಇಂಥದ್ದೆಲ್ಲ ನಮ್ಮೋರ ಕೈಲಿ ಆಗಲ್ಲ ಬಿಡು ಅಂದ್ಬಿಟ್ಟೆ."

ಅಂದಿದ್ದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವವರ ಪೈಕಿ ನಾನು. ಆದರೆ ಸೋಲೊಪ್ಪಲು ಮನಸ್ಸು ಬರಬೇಕಲ್ಲ. ನೀನೇ ಮಾಡಿದ್ದು ಅನ್ನೋಕೆ ಏನು ಸಾಕ್ಷಿ ಎಂದು ಕೇಳಿಯೇಬಿಟ್ಟೆ. ಕೇಳಬಾರದಿತ್ತು. ಅವಳ ಮುಖ ಸಣ್ಣದಾಯಿತು.

"ಬೇಸ್ ತೆಗಿ," ಎಂದಳು. "ಕ್ರೇನ್‌ದು ಅಂತ ನಿಂಗೆ ಬೇಸ್ ಭಾಗ ಬರ್ದು ಕೊಟ್ಟಿದ್ನಲ್ಲ, ಅದನ್ನೇ ನುಡ್ಸು. ತಂತಿ ಒತ್ತೋಕೆ ಎಡಗೈ ಕಿರುಬೆರಳು ಬೇಕಾಗೋ ಜಾಗ ಒಂದಾದ್ರೂ ಇದ್ರೆ ತೋರ್ಸು."

ಮೊದಲಿನಿಂದ ಕೊನೆಯವರೆಗೂ ನುಡಿಸಿದೆ. ಒಂದೂ ಇರಲಿಲ್ಲ. ಇಷ್ಟು ವರ್ಷ ನನ್ನ ಕಿರುಬೆರಳು ಆ ಟ್ಯೂನಿನಲ್ಲಿ ಸುಮ್ಮನೆ ಕೂತಿತ್ತು, ನಾನು ಗಮನಿಸಿಯೇ ಇರಲಿಲ್ಲ.

"ಆ ಟ್ಯೂನ್ ಮಾಡಿದ ವರ್ಷ ಅಂಗಡಿ ಶಟರ್‌ಗೆ ಸಿಕ್ಕಿ ನಿನ್ನ ಆ ಬೆರಳೇ ಮುರ್ದಿತ್ತು," ಎಂದಳು. "ನೀನು ತಡವರಿಸ್ತಿದ್ದೆ, ಮ್ಯಾನೇಜರ್ ಬೇರೆಯವ್ರನ್ನ ಹುಡುಕ್ತಿದ್ದ. ಮೂರೇ ಬೆರಳಲ್ಲಿ ನೀನು ಚೆನ್ನಾಗಿ ನುಡ್ಸೋ ಅಂಥ ಟ್ಯೂನ್ ಒಂದು ಬೇಕಿತ್ತು. ಮಾಡ್ದೆ."

ಶಿಕಾಗೊದಲ್ಲಿರುವವನಿಗೆ ಹಲಸೂರಿನವನ ಬೆರಳಿನ ಚಿಂತೆ ಯಾಕಿರುತ್ತದೆ? ನಾಚಿಕೆಯಾಯಿತು, ಕಣ್ಣೂ ತುಂಬಿತು. ಬೇಸನ್ನು ಮತ್ತೆ ಚೀಲಕ್ಕೆ ಹಾಕುವ ಮಾತೇ ಇರಲಿಲ್ಲ.

"ಮಾರಿಯಾ, ನಾನು ಜೀವಮಾನದಲ್ಲಿ ನುಡ್ಸಿದ್ರಲ್ಲಿ ಇಷ್ಟು ಒಳ್ಳೇದು ಇನ್ನೊಂದಿಲ್ಲ," ಎಂದೆ.

"ಗೊತ್ತು," ಎಂದಳು ಗಿಟಾರಿನ ತಂತಿ ಬಿಗಿ ಮಾಡುತ್ತ. "ಪ್ರತಿ ಶನಿವಾರ ಆ ಕ್ರೇನ್‌ನ ಹೊಗಳ್ತಿದ್ಯಲ್ಲ, ಆ ಹೊಗಳಿಕೆನೆಲ್ಲ ಪಕ್ಕದಲ್ಲಿ ನಿಂತು ನಾನೇ ಇಸ್ಕೊತಿದ್ದೆ."